ಉದ್ದದ ಸ್ಟಡ್ಡಿನ ಬೂಟು

“ಅಡಿಯಲ್ಲಿ ಇನ್ನೂ ಉದ್ದದ ಸ್ಟಡ್ ಇರೋ ಬೂಟು ಇಲ್ವಾ ಅಂಕಲ್?”

ಅಂಗಡಿಯವರು ಒಂದು ಜೊತೆ ತೆಗೆದು, ಮಗುಚಿ ಅಡಿಯ ಮೊಳೆಯಂಥ ಸ್ಟಡ್‌ಗಳನ್ನು ತೋರಿಸಿದರು. “ಇದು ಕಬ್ಬಿಣದ್ದಮ್ಮ, ಕೆಸರಲ್ಲಿ ರಗ್ಬಿ ಆಡೋರಿಗೆ. ನಿಮ್ಮ ಫುಟ್‌ಬಾಲ್ ಗ್ರೌಂಡು ಕಲ್ಲಿನ ಹಾಗೆ ಗಟ್ಟಿ, ಅಲ್ಲಿಗೆ ಗಿಡ್ಡ ರಬ್ಬರ್ ಸ್ಟಡ್ಡೇ ಸರಿ. ಇದು ನೆಲ ಹಿಡಿಯಲ್ಲ, ಯಾರದಾದ್ರೂ ಕಾಲು ಸೀಳುತ್ತೆ ಅಷ್ಟೆ.”

“ಅದನ್ನೇ ಕೊಡಿ,” ಎಂದಳು ತನುಜಾ.

ಕಳೆದ ವರ್ಷದ ಫೈನಲ್‌ನಲ್ಲಿ ಎದುರು ತಂಡದ ಏಳನೇ ನಂಬರಿನವಳು ತುಳಿದು ತನುಜಾಳ ಕಾಲಿನ ಮೂಳೆ ಮುರಿದಿತ್ತು. ಆ ಬೂಟಿನ ಸದ್ದು ಈಗಲೂ ಕನಸಿನಲ್ಲಿ ಕೇಳಿಸಿ ಅವಳು ಬೆಚ್ಚಿ ಏಳುತ್ತಿದ್ದಳು.

ಭಾನುವಾರ ಆಟ ಶುರುವಾದದ್ದೇ ತಡ, ಅದೇ ಹುಡುಗಿ ಚೆಂಡಿನೊಂದಿಗೆ ನೇರ ಅವಳತ್ತಲೇ ನುಗ್ಗಿಬಂದಳು. ತುಳಿಯಲೆಂದು ತನುಜಾ ಹಲ್ಲು ಕಚ್ಚಿ ಕಾಲು ಎತ್ತಿದಳು; ಗಟ್ಟಿ ನೆಲದಲ್ಲಿ ಇನ್ನೊಂದು ಕಾಲಿನ ಕಬ್ಬಿಣ ಜಾರಿ ದೊಪ್ಪನೆ ಬಿದ್ದಳು. ಮುರಿದು ಕೂಡಿದ ಕಾಲನ್ನು ತಬ್ಬಿಕೊಂಡು ಕಣ್ಣು ಮುಚ್ಚಿದಳು.

ತುಳಿತ ಬೀಳಲಿಲ್ಲ. ಕಣ್ಣು ಬಿಟ್ಟರೆ ಮುಖದ ಮುಂದೆ ಸ್ಟಡ್ಡೇ ಇಲ್ಲದ ಬರೀ ಕ್ಯಾನ್‌ವಾಸ್ ಶೂಗಳು ನಿಂತಿದ್ದವು.

ಏಳನೇ ನಂಬರಿನವಳು ಕೈ ಚಾಚಿದಳು. “ಏಳೇ. ನಿನ್ನ ಕಾಲು ಮುರಿದ ಮೇಲೆ ಸ್ಟಡ್ ಹಾಕೋಕೇ ನಂಗೆ ಭಯ ಕಣೇ.”