ಕಾಕಾನ ಕಾರು ನಿಂತ ಜಾಗಗಳು

ಬಂಕಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದಾಗ ಬರುವ ವಾಸನೆಗೆ ಇಂದಿಗೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಪ್ಪನ ತಮ್ಮ, ತೀರಿಹೋದ ಕಾಕಾನ ಹಳೆಯ ಸ್ಪೋರ್ಟ್ಸ್ ಕಾರನ್ನು ಅಪ್ಪ ಓಡಿಸುತ್ತಿದ್ದ. ಬಾಗೇವಾಡಿಯಿಂದ ಇಂಗಳೇಶ್ವರ ಮುಟ್ಟುವಷ್ಟರಲ್ಲಿ ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ನಿಂತ ಜಾಗಗಳನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಆ ತಿಂಗಳು ಹನ್ನೊಂದಾಗಿದ್ದವು. ಅಪ್ಪನ ತಾಯಿ, ನಮ್ಮ ಆಯಿ, ಪ್ರತಿ ಸಲವೂ ಅದನ್ನು ನನ್ನಿಂದ ಓದಿಸಿ ಕೇಳುತ್ತಿದ್ದಳು.

“ನನ್ನ ಸಣ್ಣ ಮಗನಽ ಅದನ್ನ ನಿಂದರಸ್ತಾನ. ತನ್ನ ಗಾಡಿ ಬಿಟ್ಟು ಎಲ್ಲಿ ಹೊಕ್ಕಾನ?”

ಆ ಮಧ್ಯಾಹ್ನ ಮಿಸ್ತ್ರಿ ದಾವಲಸಾಬ ಕಾರ್ಬುರೇಟರ್ ಬಿಚ್ಚಿದ. ತಳದಲ್ಲಿ ಬೂದುಬಣ್ಣದ ನುಣುಪಾದ ಕೆಸರಿತ್ತು. ಬೆರಳಲ್ಲಿ ತಿಕ್ಕಿ ನೋಡಿ, “ಟ್ಯಾಂಕಿಗೆ ಏನ್ ಹಾಕೀರಿ?” ಎಂದ.

“ವಿಭೂತಿ,” ಎಂದಳು ಆಯಿ. “ಹೊಂಡೂ ಮುಂದ ಒಂದ್ ಚಿಟಿಕಿ. ಗಾಡಿ ಸುಖವಾಗಿ ಮನಿಗೆ ಬರ್ಲಿ ಅಂತ.”

ಮುಚ್ಚಳ ಬಿಚ್ಚಿಕೊಡುತ್ತಿದ್ದವಳು ನಾನೇ.

“ಹಣಿಗೆ ಹಚ್ಚೂದನ್ನ ಇದಕ್ಕ ಕುಡಿಸೀರಲ್ರಿ ಆಯಿ!” ದಾವಲಸಾಬ ನಕ್ಕ. ಅಪ್ಪನೂ ನಕ್ಕ. ಆಯಿ ನಗಲಿಲ್ಲ.

ಟ್ಯಾಂಕು ತೊಳೆದು ಹೊಸ ಪೆಟ್ರೋಲ್ ಹಾಕಿದ ಮೇಲೆ ನಾನೂ ಅಪ್ಪನೂ ಇಂಗಳೇಶ್ವರಕ್ಕೆ ಹೋಗಿ ಬಂದೆವು. ಆಯಿ ಇನ್ನೂ ಬಾಗಿಲಲ್ಲೇ ನಿಂತಿದ್ದಳು.

“ಎಲ್ಲಿ ನಿಂತಿತ್ತವ್ವಾ?”

“ಎಲ್ಲೂ ನಿಂದರಲಿಲ್ಲ ಆಯಿ!” ಎಂದು ಕುಣಿಯುತ್ತಲೇ ಹೇಳಿದೆ.

“ಒಮ್ಮಿನೂ?”

“ಒಮ್ಮಿನೂ ಇಲ್ಲ.”

ಆಯಿ ಮೆಟ್ಟಿಲಿಳಿದು ಬಂದು, ಕಾದ ಬಾನೆಟ್ಟಿನ ಮೇಲೆ ಅಂಗೈಯಿಟ್ಟಳು. ಅಪ್ಪ “ಸುಡ್ತೈತಿ, ಕೈ ತಗಿಯವ್ವಾ” ಎಂದು ಎರಡು ಸಲ ಕೂಗಿದ. ಅದು ಪೂರ್ತಿ ತಣ್ಣಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.