ಮೂರನೆಯದೋ, ನಾಲ್ಕನೆಯದೋ

ನಾಲ್ಕು ಕೊಳವೆ, ಎರಡು ತಟ್ಟೆ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಲೋಳೆ ಅರ್ಧ ಬಾಟಲಿ, ಜೊತೆಗೆ ಎರಡು ಹಗಲು ಎರಡು ರಾತ್ರಿ. ಇಷ್ಟೆಲ್ಲ ಖರ್ಚಾದ ಮೇಲೆ ಪ್ರಯೋಗಾಲಯದಲ್ಲಿ ಚುಕ್ಕೆ ಎಣಿಸುವ ಲೆಕ್ಕದಕ್ಕನಿಗೆ ಸಿಕ್ಕಿದ್ದು: ಒಂದು ತಟ್ಟೆಯಲ್ಲಿ ಎಂಬತ್ತನಾಲ್ಕು ಚುಕ್ಕೆ, ಇನ್ನೊಂದರಲ್ಲಿ ಎಂಬತ್ತಾರು.

ಎಣಿಸಿದವಳೇ ಕುರ್ಚಿ ಬಿಟ್ಟೆದ್ದಳು. ಹಾಗಾಗುವಂತಿಲ್ಲ. ಊಟದ ಮಾದರಿಯನ್ನು ಕೊಳವೆಯಿಂದ ಕೊಳವೆಗೆ ಹತ್ತು ಪಟ್ಟು ತೆಳುಮಾಡುತ್ತ ಹೋಗಿ, ಮೂರನೆಯದರಿಂದ ಒಂದು ತಟ್ಟೆಗೆ, ನಾಲ್ಕನೆಯದರಿಂದ ಇನ್ನೊಂದಕ್ಕೆ ಹಾಕಬೇಕು. ಒಂದರಲ್ಲಿ ಬ್ಯಾಕ್ಟೀರಿಯಾದ ಎಂಬತ್ತು ಚುಕ್ಕೆ ಎದ್ದರೆ ಇನ್ನೊಂದರಲ್ಲಿ ಎಂಟೋ ಒಂಬತ್ತೋ ಏಳಬೇಕು. ಎರಡಕ್ಕೂ ಒಂದೇ ಕೊಳವೆಯದನ್ನು ಹಾಕಿಬಿಟ್ಟಿದ್ದಾಳೆ! ತಟ್ಟೆಗೆ ಹಾಕುವ ಹೊತ್ತಿಗೇ ಮಗಳ ಫೋನ್ ಬಂದಿತ್ತು. ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಕೈ ಆಡಿಸಿದ್ದಳು. ಯಾವ ಕೊಳವೆ? ಮೂರನೆಯದಾದರೆ ಊಟ ಮಿತಿಯೊಳಗಿದೆ. ನಾಲ್ಕನೆಯದಾದರೆ ಮಿತಿಯ ಎಂಟು ಪಟ್ಟು. ಕೊಳವೆಗಳನ್ನು ತೊಳೆದು ಒಣಗಿಸಿಯೂ ಆಗಿತ್ತು.

ಹೊರಗೆ ಬೆಂಚಿನ ಮೇಲೆ, ಆ ಊಟ ಮಾಡಿ ತಂದಿದ್ದ ಅಡುಗೆಯಾಕೆ ಕಾದು ಕೂತಿದ್ದಳು. ಆಸ್ಪತ್ರೆಯ ಅಡುಗೆಮನೆಯ ಗುತ್ತಿಗೆ ಅವಳಿಗೆ ಸಿಗಬೇಕಾದರೆ ಮಧ್ಯಾಹ್ನದೊಳಗೆ ಅಲ್ಲಿಗೆ ವರದಿ ಒಪ್ಪಿಸಬೇಕಿತ್ತು.

ಪ್ರಯೋಗಾಲಯದ ಸಾಹೇಬರು ಎಲ್ಲ ಕೇಳಿ ಗಡಿಯಾರ ನೋಡಿದರು. "ಮೂರು ಅಂತ ಬರೆದು ಕಳಿಸಮ್ಮ. ಆಕೆ ಮುಖ ನೋಡಿದ್ರೇ ಗೊತ್ತಾಗುತ್ತೆ, ಚೊಕ್ಕ ಕೈ."

"ಮುಖ ನೋಡಿ ಹೇಳೋದಾದ್ರೆ ಇಷ್ಟೊಂದು ಗಾಜು ಯಾಕೆ ಸರ್?"

ಅಂದಳೇನೋ ನಿಜ. ಆದರೆ ಬಾಗಿಲವರೆಗೆ ಹೋಗುವುದು, ತಿರುಗಿ ಬಂದು ತಟ್ಟೆಗಳನ್ನು ಬೆಳಕಿಗೆ ಹಿಡಿಯುವುದು, ಹೀಗೇ ಅರ್ಧ ಗಂಟೆ ಕಳೆಯಿತು. ಕೊನೆಗೆ ಹೊರಗೆ ಬಂದು, ತಪ್ಪು ತನ್ನದೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು.

ಅಡುಗೆಯಾಕೆ ಬೈಯಲಿಲ್ಲ. "ಉಪ್ಪು ಹಾಕಿದ್ನೋ ಇಲ್ವೋ ಅಂತ ಮರೆತ್ರೆ ನಾನು ಒಂಚೂರು ನಾಲಿಗೆ ಮೇಲೆ ಇಟ್ಕೊಂಡು ನೋಡ್ತೀನಿ. ನಿಮಗೆ ಅದೂ ಇಲ್ಲ, ಪಾಪ." ಆಮೇಲೆ ದನಿ ತಗ್ಗಿಸಿದಳು. "ಅಕ್ಕಾ, ಮೂರು ಅಂತ್ಲೇ ಇಟ್ಕೊಂಡ್ರೆ?"

"ಅದನ್ನ ತಿನ್ನೋರು ಹಾಸಿಗೆ ಹಿಡಿದೋರು ಕಣಮ್ಮ."

ಅಡುಗೆಯಾಕೆ ಎದ್ದುಹೋದಳು. ಸಂಜೆಗೆ ಹೊಸದಾಗಿ ಅಡುಗೆ ಮಾಡಿ ಇನ್ನೊಂದು ಡಬ್ಬಿ ತಂದುಕೊಟ್ಟಳು. ಲೆಕ್ಕದಕ್ಕ ತನ್ನ ಫೋನನ್ನು ಸಾಹೇಬರ ಮೇಜಿನ ಮೇಲಿಟ್ಟು ಬಂದು ಕೆಲಸಕ್ಕೆ ಕೂತಳು.

ಎರಡು ದಿನದ ಮೇಲೆ ಒಂದು ತಟ್ಟೆಯಲ್ಲಿ ಮೂವತ್ತೊಂದು ಚುಕ್ಕೆ, ಇನ್ನೊಂದರಲ್ಲಿ ಮೂರು. ಊಟ ಚೊಕ್ಕವಾಗಿತ್ತು. ಅಷ್ಟರಲ್ಲಿ ಆಸ್ಪತ್ರೆಯ ಅಡುಗೆಮನೆ, ಹೊತ್ತಿಗೆ ಸರಿಯಾಗಿ ವರದಿ ತಂದವರ ಪಾಲಾಗಿತ್ತು.