ಸೊಲ್ಯೂಷನ್ ಒಣಗುವತನಕ

ಆ ಭಾನುವಾರವೂ ಬೆಟ್ಟದ ಜಲ್ಲಿಕಲ್ಲಿನ ದಾರಿಯಲ್ಲಿ ಅವನ ಸೈಕಲ್ಲು ಪಂಕ್ಚರಾಯಿತು. ತಳ್ಳಿಕೊಂಡು ನೆತ್ತಿಯ ಗುಡಿಗೆ ಬಂದ. ಮುದಿ ಪೂಜಾರಿ ಎಂದಿನಂತೆ ಬೋಗುಣಿಯಲ್ಲಿ ನೀರು ತಂದಿಟ್ಟ.

“ನಿಮ್ಮ ಬೆಟ್ಟದ ಮುಳ್ಳು ನನಗೇ ಕಾದು ಕೂತಿರುತ್ತೆ, ಸ್ವಾಮಿ.”

“ನೀನಾದ್ರೂ ಬರ್ತೀಯಲ್ಲಪ್ಪ. ಜೊತೆಗೆ ಯಾರೂ ಇಲ್ವಾ?”

“ಜೊತೆಗೂ ಇಲ್ಲ, ಮನೇಲೂ ಇಲ್ಲ.”

ಟ್ಯೂಬಿಗೆ ಹಚ್ಚಿದ ಸೊಲ್ಯೂಷನ್ ಒಣಗುವತನಕ ಪೂಜಾರಿ ರಾಗವಾಗಿ ಒಂದು ಪದ್ಯ ಹೇಳಿದ. ಸವಾರ ಕಣ್ಣು ಮುಚ್ಚಿ ಕೇಳಿದ. ಮುಗಿದಾಗ ಟ್ಯೂಬು ಮುಟ್ಟಿ ನೋಡಿ, “ಇನ್ನೂ ಹಸಿ ಇದೆ” ಎಂದ. ಪೂಜಾರಿ ನಕ್ಕು ಇನ್ನೊಂದು ಹೇಳಿದ.

ಸವಾರ ಹೊರಡುವಾಗ, ಟೈರಿನಿಂದ ಕಿತ್ತಿದ್ದ ಜಾಲಿಮುಳ್ಳನ್ನು ಪೂಜಾರಿ ಅವನ ಅಂಗೈಯಲ್ಲಿಟ್ಟ.

“ಈ ಬೆಟ್ಟದಲ್ಲಿ ಜಾಲಿಮರ ಒಂದೂ ಇಲ್ಲ ಮಗಾ. ಮುಂದಿನ ವಾರ ಟೈರಿಗೆ ಚುಚ್ಚದೇ ಬಾ, ಪದ್ಯ ಹೇಗೂ ಹೇಳ್ತೀನಿ.”